ಬಾಡಿಗೆ ಎಷ್ಟು ಅಂತ ಕೇಳೋ ಮೊದಲು ಸಂಪಿನ ಮುಚ್ಚಳ ತೆಗೆಸಿ

ಬಳ್ಳಾರಿಯಲ್ಲಿ ಬಾಡಿಗೆ ಮನೆ ನೋಡಲು ಹೋದವರು ಮೊದಲು ಕೇಳುವುದು ಎರಡೇ ಪ್ರಶ್ನೆ: ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು. ಉತ್ತರ ಕೈಗೆ ಎಟುಕುವಂತಿದ್ದರೆ ಒಳಗೆ ಹೋಗಿ ಅಡುಗೆಮನೆ, ದೇವರ ಮೂಲೆ, ಬಚ್ಚಲು ನೋಡಿ ಟೋಕನ್ ಕೊಟ್ಟು ಬರುತ್ತಾರೆ. ಎರಡು ತಿಂಗಳಾದ ಮೇಲೆ ಟ್ಯಾಂಕರ್ ದುಡ್ಡು, ಸಬ್ ಮೀಟರ್ ಕರೆಂಟು, ಮೋಟರಿನ ಪಾಲು, ಸಂಡಾಸಿನ ಪಿಟ್ ಎತ್ತಿಸುವ ಖರ್ಚು ಒಂದರ ಹಿಂದೆ ಒಂದು ಬಂದು ಕೂರುತ್ತವೆ. ಅಷ್ಟರಲ್ಲಿ ಮಕ್ಕಳ ಶಾಲೆ ಶುರುವಾಗಿರುತ್ತದೆ, ಬಿಟ್ಟು ಹೋಗಲು ಆಗುವುದಿಲ್ಲ.

ಲೆಕ್ಕಕ್ಕೆಂದು ಎರಡು ಮನೆ ಇಟ್ಟುಕೊಳ್ಳೋಣ. ಒಂದು, ಮೇಲಿನ ಮಹಡಿಯ ಮನೆ, ಬಾಡಿಗೆ 7,000. ಕರೆಂಟು ಮಾಲೀಕರ ಮೀಟರಿನಿಂದ, ಯೂನಿಟ್ಟಿಗೆ 9 ರೂಪಾಯಿ. ತಿಂಗಳಿಗೆ 180 ಯೂನಿಟ್ ಉರಿದರೆ 1,620. ಟ್ಯಾಂಕರಿನ ಪಾಲು 600. ಒಟ್ಟು 9,220. ಇನ್ನೊಂದು, ಕೆಳಗಿನ ಮನೆ, ಬಾಡಿಗೆ 8,500. ಸ್ವಂತ ಮೀಟರ್ ಇದೆ, ಗೃಹಜ್ಯೋತಿಯ ಉಚಿತ ಕರೆಂಟು ಸಿಗುತ್ತದೆ, ಮಿತಿ ಮೀರಿದ ಹತ್ತಿಪ್ಪತ್ತು ಯೂನಿಟ್ಟಿಗೆ ನೂರು ರೂಪಾಯಿ ಚಿಲ್ಲರೆ ಬರುತ್ತದೆ, ಸಂಪು ದೊಡ್ಡದಿರುವುದರಿಂದ ಟ್ಯಾಂಕರ್ ಬೇಕಾಗುವುದಿಲ್ಲ. ಒಟ್ಟು 8,600ರ ಆಸುಪಾಸು. ಬೋರ್ಡಿನ ಮೇಲೆ ದುಬಾರಿ ಅನಿಸಿದ ಮನೆಯೇ ಅಗ್ಗ. ಸಂಬಳದ ಮೂರನೇ ಒಂದು ಪಾಲು ಮನೆಗೆ ಅಂತ ಲೆಕ್ಕ ಹಾಕುವವರು ಬರೀ ಬಾಡಿಗೆಯನ್ನು ಹಿಡಿದು ಲೆಕ್ಕ ಹಾಕಬೇಡಿ, ಈ ಒಟ್ಟು ಮೊತ್ತವನ್ನು ಹಿಡಿಯಿರಿ. ತಿಂಗಳಿಗೆ 25,000 ದುಡಿಯುವ ಮನೆಗೆ ಇವೆರಡೂ ಮನೆ ಭಾರವೇ. ಆದರೆ ಭಾರ ಎಷ್ಟು ಅಂತ ಒಳಗೆ ಕಾಲಿಡುವ ಮೊದಲೇ ಗೊತ್ತಿರಬೇಕು.

ನೀರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಈ ಊರಲ್ಲಿ ಎಲ್ಲ ಅಲ್ಲಿಂದಲೇ ಶುರು. ನಗರಕ್ಕೆ ಬರುವುದು ತುಂಗಭದ್ರಾ ಕಾಲುವೆಯ ನೀರು. ಅಲ್ಲೀಪುರ, ಮೋಕಾ ಕಡೆಯ ಕೆರೆಗಳಲ್ಲಿ ತುಂಬಿಸಿಟ್ಟು, ಶುದ್ಧೀಕರಿಸಿ ಬಿಡುತ್ತಾರೆ. ಬೇಸಿಗೆಯಲ್ಲಿ ಕಾಲುವೆ ನಿಂತಿತೆಂದರೆ ಕೆರೆಯಲ್ಲಿ ಎಷ್ಟಿದೆಯೋ ಅಷ್ಟೇ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕಿತ್ತುಹೋದಾಗ ಗದ್ದೆಯವರಷ್ಟೇ ಊರವರೂ ಗಾಬರಿಯಾದದ್ದು ಇದೇ ಕಾರಣಕ್ಕೆ. ನಲ್ಲಿ ನೀರು ದಿನಾ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ವಾರಕ್ಕೊಮ್ಮೆ ಬಂದರೆ ಸರಿ, ಬೇಸಿಗೆಯಲ್ಲಿ ಇನ್ನೂ ತಡ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ನೀರು ಬರುತ್ತಾ?" ಅಂತಲ್ಲ. "ಎಷ್ಟು ದಿನಕ್ಕೊಮ್ಮೆ, ಎಷ್ಟು ತಾಸು, ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗೆ ಅದೊಂದೇ ಸಂಪು?" ಇವು ನಾಲ್ಕೂ ಬೇಕು. ಮಾಲೀಕರನ್ನು ಕೇಳಿದ ಮೇಲೆ ಅದೇ ಪ್ರಶ್ನೆಯನ್ನು ಪಕ್ಕದ ಮನೆಯ ಅಕ್ಕನವರನ್ನೂ ಕೇಳಿ. ಸರಿಯಾದ ಉತ್ತರ ಅಲ್ಲಿ ಸಿಗುತ್ತದೆ.

ಸಂಪಿನ ಅಳತೆ ಟೇಪ್ ಹಿಡಿದು ನೋಡಿ. ಒಂದು ಘನ ಅಡಿಗೆ 28.3 ಲೀಟರ್. 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಸಂಪು 150 ಘನ ಅಡಿ, ಅಂದರೆ ಸುಮಾರು 4,245 ಲೀಟರ್. ಅಷ್ಟೂ ಉಪಯೋಗಕ್ಕೆ ಬರುವುದಿಲ್ಲ. ಮೇಲೆ ಅರ್ಧ ಅಡಿ ಖಾಲಿ ಇರುತ್ತದೆ, ಕೆಳಗೆ ಅರ್ಧ ಅಡಿ ಕೆಸರು. ಕೈಗೆ ಸಿಗುವುದು ಸುಮಾರು 3,400 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬಂದರೆ ದಿನಕ್ಕೆ 425 ಲೀಟರ್. ಒಂದೇ ಮನೆಗಾದರೆ ನಾಲ್ಕು ಜನ ನಿಭಾಯಿಸಬಹುದು. ಒಳಚರಂಡಿ ಇರುವ ನಗರಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಬೇಕು ಅಂತ ಸರಕಾರದ ಮಾನದಂಡವೇ ಹೇಳುತ್ತದೆ, ಅಷ್ಟಿಲ್ಲದಿದ್ದರೂ ತಲೆಗೆ ನೂರು ಲೀಟರಿನಲ್ಲಿ ಸಂಸಾರ ನಡೆಯುತ್ತದೆ. ಅದೇ ಸಂಪಿಗೆ ಮೂರು ಪೋರ್ಷನ್ ಜೋಡಿಸಿದ್ದರೆ ಮನೆಗೆ ದಿನಕ್ಕೆ 141 ಲೀಟರ್, ಅಂದರೆ 20 ಲೀಟರಿನ ಏಳು ಬಕೆಟ್. ನಾಲ್ಕು ಜನರ ಸ್ನಾನ, ಬಟ್ಟೆ, ಪಾತ್ರೆ, ಸಂಡಾಸು ಎಲ್ಲ ಏಳು ಬಕೆಟ್ಟಿನಲ್ಲಿ ಆಗಬೇಕು. ಆಗುವುದಿಲ್ಲ. ಐದನೇ ದಿನಕ್ಕೆ ಟ್ಯಾಂಕರ್ ಬರುತ್ತದೆ, ಮೂರು ಮನೆಯ ನಡುವೆ ಜಗಳವೂ ಬರುತ್ತದೆ.

ಸಂಪು ದೊಡ್ಡದಿದ್ದರೂ ಅದು ತುಂಬಬೇಕಲ್ಲ. ನೀರು ಬಿಟ್ಟ ದಿನ ಹೋಗಿ ಸಂಪಿಗೆ ಬೀಳುವ ಪೈಪಿಗೆ 20 ಲೀಟರಿನ ಬಕೆಟ್ ಹಿಡಿಯಿರಿ. ಎರಡು ನಿಮಿಷಕ್ಕೆ ತುಂಬಿದರೆ ತಾಸಿಗೆ 600 ಲೀಟರ್. ಮೂರು ತಾಸು ಬಿಟ್ಟರೆ 1,800. ಆ 4,000 ಲೀಟರಿನ ಸಂಪು ಎಂದೂ ಅರ್ಧ ದಾಟುವುದಿಲ್ಲ. ಓಣಿಯ ಕೊನೆಯ ಮನೆಗಳಿಗೆ, ಏರಿನ ಮೇಲಿನ ಮನೆಗಳಿಗೆ ಹೀಗಾಗುತ್ತದೆ. ಓಣಿಯಲ್ಲಿ ನಾಲ್ಕು ಮನೆಯವರು ಪೈಪಿಗೇ ನೇರವಾಗಿ ಮೋಟರ್ ಹಚ್ಚಿದರೆ ಎಂಥಾ ಮನೆಗೂ ಹೀಗೇ ಆಗುತ್ತದೆ. ಹಾಗೆ ಹಚ್ಚುವುದು ತಪ್ಪು, ಆದರೂ ಹಚ್ಚುತ್ತಾರೆ. ನೀರು ಬಿಟ್ಟ ಹೊತ್ತಿನಲ್ಲಿ ಓಣಿಯಲ್ಲಿ ನಡೆದರೆ ಮೋಟರ್ ಸದ್ದು ಕಿವಿಗೆ ಬೀಳುತ್ತದೆ.

ಬೋರ್ ಇದೆ ಅಂತ ಮಾಲೀಕರು ಹೇಳಿದರೆ ಅರ್ಧ ನೆಮ್ಮದಿ ಅಷ್ಟೇ. ಬಳ್ಳಾರಿ ಸುತ್ತಲಿನ ಬೋರ್ ನೀರು ಬಹಳ ಕಡೆ ಸವುಳು. ನಲ್ಲಿಯ ಬಾಯಿ, ಬಚ್ಚಲಿನ ಟೈಲ್ಸ್, ಸಂಡಾಸಿನ ಕಮೋಡ್ ನೋಡಿ. ಬಿಳಿ ಚಕ್ಕೆ ಕಟ್ಟಿದ್ದರೆ ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಗೀಸರಿನ ಕಾಯಿಲ್ ಬಾಳುವುದಿಲ್ಲ. ಬಳಕೆಗೆ ಬೋರು, ಅಡುಗೆಗೆ ನಲ್ಲಿ, ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್, ಹೀಗೆ ಮೂರು ನೀರಿನ ಮನೆಗಳೇ ಇಲ್ಲಿ ಹೆಚ್ಚು. ಕ್ಯಾನ್ ತರುವ ಘಟಕ ಎಷ್ಟು ದೂರ, ಮೂರನೇ ಮಹಡಿಗೆ 20 ಕೆ.ಜಿ. ಕ್ಯಾನ್ ಹೊರುವವರು ಯಾರು, ಇದನ್ನೂ ಯೋಚಿಸಿ. ಹೆಚ್ಚಿನ ಮನೆಗಳಲ್ಲಿ ಅದು ಹೆಂಗಸರ ಸೊಂಟದ ಮೇಲೆ ಬೀಳುತ್ತದೆ.

ಸಂಪಿನ ಬಗ್ಗೆ ಇನ್ನೊಂದು ಮಾತು. ಊರಿನ ಸುತ್ತ ಬಹಳ ಕಡೆ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಹೊಲ ಇದ್ದದ್ದು ಲೇಔಟ್ ಆದ ಕಡೆ ಪಾಯ ಆಳಕ್ಕೆ ಇಳಿಸದೆ ಕಟ್ಟಿದ್ದರೆ ಆ ಎಳೆತ ಮೊದಲು ಕಾಣುವುದು ಸಂಪಿನ ಗೋಡೆಯಲ್ಲಿ. ಬಿರುಕಿನಿಂದ ನೀರು ಸೋರಿ ಹೋಗುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ಪಕ್ಕದ ಚರಂಡಿಯ ನೀರು ಒಳಗೆ ಬರುತ್ತದೆ. ಪರೀಕ್ಷೆ ಸುಲಭ: ರಾತ್ರಿ ಒಳಬರುವ ವಾಲ್ವ್ ಮುಚ್ಚಿ, ಮೋಟರ್ ಆಫ್ ಮಾಡಿ, ಗೋಡೆಗೆ ಸೀಮೆಸುಣ್ಣದಲ್ಲಿ ನೀರಿನ ಮಟ್ಟ ಗುರುತಿಸಿ. ಬೆಳಗ್ಗೆ ಒಂದು ಇಂಚು ಇಳಿದಿದ್ದರೆ 6×5 ಅಡಿಯ ಸಂಪಿನಲ್ಲಿ ಸುಮಾರು 70 ಲೀಟರ್ ಮಣ್ಣಿಗೆ ಹೋಯಿತು ಅಂತ ತಿಳಿಯಿರಿ. ಮನೆಯೊಳಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ನೆಲಕ್ಕೆ ಉಜ್ಜುವ ಬಾಗಿಲು, ಗೋಡೆ ಬಿಟ್ಟು ಕುಸಿದ ಸ್ಕರ್ಟಿಂಗ್, ಇವೂ ಅದೇ ಮಣ್ಣಿನ ಕೆಲಸ. ಹೊಸ ಪೇಂಟಿನ ಕೆಳಗೆ ಲಪ್ಪ (ಪುಟ್ಟಿ) ಹಾಕಿ ಮುಚ್ಚಿದ್ದರೂ ಟಾರ್ಚನ್ನು ಗೋಡೆಗೆ ಅಡ್ಡ ಹಿಡಿದರೆ ಗೆರೆ ಕಾಣುತ್ತದೆ. ಯುಜಿಡಿ (ಒಳಚರಂಡಿ) ಲೈನ್ ಇದೆಯೋ ಪಿಟ್ಟೋ ಎಂಬುದನ್ನೂ ಈಗಲೇ ಕೇಳಿ. ಪಾಲಿಕೆಯ ಗಡಿ ದಾಟಿ ಪಂಚಾಯಿತಿ ವ್ಯಾಪ್ತಿಯಲ್ಲಿರುವ ಹೊಸ ಲೇಔಟುಗಳಲ್ಲಿ ಬಹಳಷ್ಟು ಪಿಟ್ಟೇ. ತುಂಬಿದಾಗ ಎತ್ತಿಸುವ ಖರ್ಚು ಯಾರದು ಅಂತ ಮೊದಲೇ ಮಾತಾಡದಿದ್ದರೆ ಅದು ಬಾಡಿಗೆಯವರ ತಲೆಗೇ ಬರುತ್ತದೆ.

ಇನ್ನು ಕರೆಂಟು. ಬಳ್ಳಾರಿ ಜೆಸ್ಕಾಂ ಎಂಬ ವಿದ್ಯುತ್ ಕಂಪನಿಯ ವ್ಯಾಪ್ತಿಗೆ ಬರುತ್ತದೆ. ಗೃಹಜ್ಯೋತಿ ಬಂದಮೇಲೆ, ಅಂದರೆ 2023ರ ಜುಲೈ ಬಳಕೆಯಿಂದ, ಒಂದು ಮನೆಗೆ ಸ್ವಂತ ಮೀಟರ್ ಇದೆಯೋ ಇಲ್ಲವೋ ಎಂಬುದರ ಮೇಲೆ ತಿಂಗಳಿಗೆ ಸಾವಿರ ರೂಪಾಯಿಗೂ ಹೆಚ್ಚು ವ್ಯತ್ಯಾಸ ಬೀಳಬಹುದು. ಯೋಜನೆ ಬಾಡಿಗೆದಾರರಿಗೂ ಉಂಟು. ಆ ಮೀಟರಿನ ಹಿಂದಿನ ವರ್ಷದ, ಅಂದರೆ 2022-23ರ, ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇ 10 ಸೇರಿಸಿ ಒಂದು ಮಿತಿ ಕಟ್ಟಿದ್ದಾರೆ. ಅದರೊಳಗೆ ಬಳಸಿದರೆ ಬಿಲ್ ಸೊನ್ನೆ. ಮಿತಿ ಮೀರಿ 200 ಯೂನಿಟ್ ಒಳಗಿದ್ದರೆ ಹೆಚ್ಚಾದದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಇದರ ಅರ್ಥ, ಮೀಟರಿನ ಹಳೆಯ ಚರಿತ್ರೆ ನಿಮ್ಮ ಕಿಸೆಗೆ ಸಂಬಂಧಿಸಿದ್ದು. ಮೊದಲು ಒಬ್ಬಂಟಿ ಇದ್ದ ಮನೆಯಾದರೆ ಮಿತಿ 50-60 ಯೂನಿಟ್ ಇರಬಹುದು, ಸಂಸಾರ ಇದ್ದ ಮನೆಯಾದರೆ 120-130. ಬಾಡಿಗೆ ಮಾತಿಗೆ ಮೊದಲು ಹಿಂದಿನ ಮೂರು ತಿಂಗಳ ಬಿಲ್ ಕೇಳಿ ನೋಡಿ.

ಒಂದೇ ಮೀಟರಿನಲ್ಲಿ ಮೂರು ಪೋರ್ಷನ್ ಇದ್ದರೆ? ಮೂರೂ ಮನೆಯ ಬಳಕೆ ಸೇರಿ 200 ದಾಟುತ್ತದೆ, ಯಾರಿಗೂ ಏನೂ ಸಿಗುವುದಿಲ್ಲ. ಮೇಲಾಗಿ ಸಬ್ ಮೀಟರಿನ ದರ ಮಾಲೀಕರು ಹೇಳಿದ್ದೇ ದರ. ಇಲ್ಲಿ ಜಗಳಕ್ಕಿಂತ ಲೆಕ್ಕ ಒಳ್ಳೆಯದು. ಜೆಸ್ಕಾಂ ಬಿಲ್ಲಿನ ಒಟ್ಟು ಮೊತ್ತವನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ. ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿದ ನಿಜವಾದ ದರ ಅದು. "ಸಾರ್, ಬಿಲ್ಲಿನ ಪ್ರಕಾರ ಯೂನಿಟ್ಟಿಗೆ ಇಷ್ಟು ಬೀಳುತ್ತೆ, ಅಷ್ಟು ಕೊಡ್ತೀವಿ" ಅಂತ ಕಾಗದದಲ್ಲಿ ಬರೆಸಿ. ಎಷ್ಟೋ ಮಾಲೀಕರು ಅಷ್ಟಕ್ಕೆ ಒಪ್ಪುತ್ತಾರೆ. ಬಹಳಷ್ಟು ಮಂದಿಗೆ ಮೋಸ ಮಾಡಬೇಕೆಂದಿರುವುದಿಲ್ಲ, ಯಾರೋ ಹೇಳಿದ ಅಂಕಿ ಹಿಡಿದುಕೊಂಡಿರುತ್ತಾರೆ.

ಸಬ್ ಮೀಟರ್ ಸರಿಯಿದೆಯೋ ಇಲ್ಲವೋ ನೋಡಲು ಹತ್ತು ನಿಮಿಷ ಸಾಕು. ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ ಪ್ಲಗ್ ಕಿತ್ತು, ಮೇನ್ ಮಾತ್ರ ಆನ್ ಇಡಿ. ಮೀಟರಿನ ಕೆಂಪು ದೀಪ ಮಿಣುಕಬಾರದು. ಮಿಣುಕಿದರೆ ಮೆಟ್ಟಿಲ ದೀಪವೋ, ಪಕ್ಕದ ಪೋರ್ಷನ್ನಿನ ಒಂದು ಲೈನೋ ನಿಮ್ಮ ಮೀಟರಿಗೆ ಸೇರಿದೆ. ಆಮೇಲೆ 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಚ್ಚಿ ಆರು ನಿಮಿಷ ಬಿಡಿ, ಥರ್ಮೋಸ್ಟಾಟ್ ಕಟ್ ಆಗದಂತೆ ಗರಿಷ್ಠಕ್ಕಿಟ್ಟು ಒದ್ದೆ ಬಟ್ಟೆಯ ಮೇಲೆ ಆಡಿಸುತ್ತಿರಿ. 0.1 ಯೂನಿಟ್ ಏರಬೇಕು. 0.12, 0.13 ತೋರಿಸಿದರೆ ಮೀಟರ್ ಇರಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿದೆ.

ಎಲ್ಲರೂ ಮರೆಯುವುದು ನೀರೆತ್ತುವ ಮೋಟರ್. ಅದು ಯಾರ ಮೀಟರಿಗೆ ಸೇರಿದೆ? 1 ಎಚ್‌ಪಿ ಮೋಟರ್ ದಿನಕ್ಕೆ ಮುಕ್ಕಾಲು ಗಂಟೆ ಓಡಿದರೆ ತಿಂಗಳಿಗೆ 20-25 ಯೂನಿಟ್. ಕಡಿಮೆ ಅನಿಸಬಹುದು. ಈಗ ಬೇಸಿಗೆಯ ಲೆಕ್ಕ ಹಾಕಿ. ಮೂರು ಹಳೇ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 80 ಯೂನಿಟ್, ಫ್ರಿಜ್ 30, ಟಿವಿ, ದೀಪ, ಮಿಕ್ಸಿ ಸೇರಿ 20, ಕೂಲರ್ ದಿನಕ್ಕೆ ಹತ್ತು ಗಂಟೆ ಅಂದರೆ 45ರಿಂದ 60. ಅಲ್ಲಿಗೆ 185 ಆಸುಪಾಸು. ಇದರ ಮೇಲೆ ಮೂರು ಮನೆಗೆ ನೀರೆತ್ತುವ ಮೋಟರ್ ನಿಮ್ಮ ಮೀಟರಿನಲ್ಲಿದ್ದರೆ 200 ದಾಟಿತು, ಪೂರ್ತಿ ಬಿಲ್ ಬಂತು. ಮೋಟರನ್ನು ಮಾಲೀಕರ ಮೀಟರಿಗೆ ಹಾಕಿಸಿಕೊಳ್ಳುವುದು ಬಾಡಿಗೆಯಲ್ಲಿ ಐನೂರು ಇಳಿಸಿಕೊಂಡದ್ದಕ್ಕಿಂತ ದೊಡ್ಡ ಲಾಭ. ಫ್ಯಾನ್ ಹಳೆಯದಾದರೆ ಒಂದೆರಡು ಬಿಎಲ್‌ಡಿಸಿ ಫ್ಯಾನ್ ಕೊಂಡು ಹಾಕಿ, ಬಿಡುವಾಗ ಕಳಚಿಕೊಂಡು ಹೋಗಿ. 75 ವ್ಯಾಟಿನ ಜಾಗದಲ್ಲಿ 30-35 ವ್ಯಾಟ್ ಸಾಕಾಗುತ್ತದೆ. ಎಸಿ ಹಾಕುವ ಆಸೆ ಇದ್ದರೆ ಗೃಹಜ್ಯೋತಿಯ ಆಸೆ ಬಿಡಬೇಕು. ಒಂದೂವರೆ ಟನ್ನಿನದು ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ ಅದೊಂದೇ 240 ದಾಟುತ್ತದೆ.

ಕೂಲರ್ ಬರೀ ಕರೆಂಟು ತಿನ್ನುವುದಿಲ್ಲ, ನೀರೂ ಕುಡಿಯುತ್ತದೆ. ದಿನಕ್ಕೆ 40 ಲೀಟರಿನ ತೊಟ್ಟಿ ತುಂಬಿಸಬೇಕಾದರೆ ಮೇಲೆ ಹೇಳಿದ ಏಳು ಬಕೆಟ್ಟಿನಲ್ಲಿ ಎರಡು ಅದಕ್ಕೇ ಹೋಯಿತು. ಹಾಗಾಗಿ ಕೂಲರ್ ಕಡಿಮೆ ಬೇಡುವ ಮನೆ ಹುಡುಕಬೇಕು. ಮೇಲ್ಮಹಡಿಯ ಆರ್‌ಸಿಸಿ ಛತ್ತು ಹಗಲೆಲ್ಲ ಬಿಸಿಲು ಹೀರಿ ಮಧ್ಯರಾತ್ರಿವರೆಗೆ ಕೆಳಗೆ ಬಿಡುತ್ತದೆ. ಮಲಗುವ ಕೋಣೆಯ ಗೋಡೆ ಪಡುವಣಕ್ಕಿದ್ದರೆ ಇನ್ನೂ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಮನೆ ನೋಡುವುದಾದರೆ ರಾತ್ರಿ ಒಂಬತ್ತಕ್ಕೆ ಹೋಗಿ ಆ ಗೋಡೆಗೆ ಅಂಗೈ ಇಟ್ಟು ನೋಡಿ, ಬೇರೆ ಪರೀಕ್ಷೆಯೇ ಬೇಡ. ಮೇಲ್ಮನೆಯೇ ಗತಿಯಾದರೆ ಛತ್ತಿಗೆ ಸುಣ್ಣಕ್ಕೆ ಫೆವಿಕಾಲ್ ಬೆರೆಸಿ ಎರಡು ಕೋಟ್ ಹೊಡೆಸಿಕೊಡಲು ಕೇಳಿ. ಖರ್ಚು ಸಣ್ಣದು, ಗುಣ ಮೊದಲ ರಾತ್ರಿಯೇ ಗೊತ್ತಾಗುತ್ತದೆ. ಹಳೇ ಪೇಟೆಯ ಮಾಳಿಗೆ ಮನೆಗಳನ್ನು ಹಳತು ಅಂತ ಬಿಡಬೇಡಿ. ದಪ್ಪ ಗೋಡೆ, ಮಣ್ಣಿನ ಮಾಳಿಗೆ ಬೇಸಿಗೆಯಲ್ಲಿ ನಿಜಕ್ಕೂ ತಂಪು. ಮಳೆಗೆ ಸೋರುತ್ತದೋ ಎಂದು ತೊಲೆಯ ಬುಡದಲ್ಲಿ ಕಲೆ ನೋಡಿಕೊಂಡರಾಯಿತು.

ಎಲ್ಲಿ ಹುಡುಕಬೇಕು ಎಂಬುದು ದುಡಿಮೆಯ ಜಾಗದ ಮೇಲೆ. ವಿಮ್ಸ್ ಅಂತ ಈಗಲೂ ಜನ ಕರೆಯುವ ಮೆಡಿಕಲ್ ಕಾಲೇಜಿನ ಸುತ್ತ, ಕಂಟೋನ್ಮೆಂಟ್ ಕಡೆ, ಗಾಂಧಿನಗರ, ಪಾರ್ವತಿನಗರದಲ್ಲಿ ಬೇಡಿಕೆ ಎಂದೂ ಇಳಿಯುವುದಿಲ್ಲ. ಜೀನ್ಸ್ ಹೊಲಿಗೆಯವರಿಗೆ ಕೌಲ್ ಬಜಾರ್, ದೇವಿನಗರದ ಸುತ್ತ ಒಂದು ಕೋಣೆಯ ಮನೆಗಳೇ ಬೇಕು. ಮಷಿನ್ ಮನೆಯಲ್ಲೇ ಇಟ್ಟು ಹೊಲಿಯುವವರು ಕರೆಂಟಿನ ಮಾತು ಇನ್ನೂ ಬಿಗಿಯಾಗಿ ಆಡಬೇಕು. ಮನೆ ಮೀಟರಿನಲ್ಲಿ ಪವರ್ ಮಷಿನ್ ಓಡಿಸಿದರೆ ದಂಡದ ಭಯವಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವವರು ಬಳ್ಳಾರಿಯಲ್ಲಿ ಬಾಡಿಗೆ ಕಟ್ಟಬೇಕೋ ಅಲ್ಲೇ ಇರಬೇಕೋ ಎಂದು ತೂಗಬೇಕಾಗುತ್ತದೆ. ಹೋಗಿ ಬರಲು ಹತ್ತಿರ ಹತ್ತಿರ 60 ಕಿ.ಮೀ. ಬೈಕು ಲೀಟರಿಗೆ 45 ಕೊಟ್ಟರೂ ದಿನಕ್ಕೆ ಒಂದು ಲೀಟರ್ ಮುನ್ನೂರು ಮಿಲಿ, 26 ದಿನಕ್ಕೆ 34-35 ಲೀಟರ್ ಪೆಟ್ರೋಲು. ಬಾಡಿಗೆಯಲ್ಲಿ ಉಳಿದದ್ದು ಬಂಕಿಗೆ ಹೋಗುತ್ತದೆ. ಕಂಪನಿ ಬಸ್ಸು ನಿಲ್ಲುವ ಜಾಗದಿಂದ ನಡೆಯುವಷ್ಟು ದೂರದಲ್ಲಿ ಮನೆ ಹಿಡಿದವರಿಗೆ ಮಾತ್ರ ಬಳ್ಳಾರಿ ಲಾಭ. ರೈಲ್ವೆ ಗೇಟಿನ ಆಚೆಯ ಬಡಾವಣೆಗಳಲ್ಲಿ ಬಾಡಿಗೆ ಒಂದು ಕೈ ಕಡಿಮೆ ಇರುವುದಕ್ಕೆ ಕಾರಣ ಗೇಟೇ. ಬೆಳಗ್ಗೆ ಎಂಟೂವರೆಗೆ ಒಮ್ಮೆ ದಾಟಿ ನೋಡಿ, ಆಮೇಲೆ ನಿರ್ಧರಿಸಿ.

ಹುಡುಕುವ ಕಾಲವೂ ಮುಖ್ಯ. ಮೇ, ಜೂನ್‌ನಲ್ಲಿ ಶಾಲೆ, ವರ್ಗಾವಣೆ ಎರಡೂ ಸೇರಿ ಎಲ್ಲರೂ ಒಟ್ಟಿಗೆ ಮನೆ ಹುಡುಕುತ್ತಾರೆ, ಆಗ ಚೌಕಾಸಿಗೆ ಜಾಗವೇ ಇರುವುದಿಲ್ಲ. ಆಷಾಢದಲ್ಲಿ ಯಾರೂ ಹಾಲು ಉಕ್ಕಿಸುವುದಿಲ್ಲ. ಅಷ್ಟರಲ್ಲಿ ತುಂಬದ ಮನೆ ಶ್ರಾವಣದವರೆಗೆ ಖಾಲಿ ಬಿದ್ದಿರುತ್ತದೆ. ಆಷಾಢದಲ್ಲೇ ಮಾತು ಮುಗಿಸಿ, "ಬಾಡಿಗೆ ಈ ತಿಂಗಳಿಂದಲೇ ಕೊಡ್ತೀವಿ, ಶ್ರಾವಣಕ್ಕೆ ಬರ್ತೀವಿ, ಸ್ವಲ್ಪ ಇಳಿಸಿ" ಅಂದರೆ ಕೇಳುತ್ತಾರೆ. ಬ್ರೋಕರ್ ಮೂಲಕ ಹೋದರೆ ಒಂದು ತಿಂಗಳ ಬಾಡಿಗೆ ಅವರಿಗೆ. ಓಣಿಯ ಕಿರಾಣಿ ಅಂಗಡಿ, ಇಸ್ತ್ರಿಯವರು, ಹಾಲಿನವರಿಗೆ ಖಾಲಿ ಮನೆ ಬ್ರೋಕರಿಗಿಂತ ಮೊದಲೇ ಗೊತ್ತಿರುತ್ತದೆ. ಬಳ್ಳಾರಿಯಲ್ಲಿ ಮನೆ ಮಾತು ಅರ್ಧ ತೆಲುಗಿನಲ್ಲೇ ನಡೆಯುತ್ತದೆ, ಎರಡು ಮಾತು ತೆಲುಗು ಬಂದರೆ ಮಾಲೀಕರ ಮನೆಯ ಅಜ್ಜಿಯೇ ನಿಮ್ಮ ಪರ ನಿಲ್ಲುತ್ತಾರೆ.

ಆದರೆ ಒಂದು ಕಹಿ ಸತ್ಯ ಹೇಳಲೇಬೇಕು. ಬಾಡಿಗೆ ಎಷ್ಟು ಎಂಬ ಪ್ರಶ್ನೆಗೆ ಮೊದಲೇ ಆ ಕಡೆಯಿಂದ ಒಂದು ಪ್ರಶ್ನೆ ಬರುತ್ತದೆ: "ನೀವು ಯಾವ ಜನ?" ದಲಿತರಿಗೆ, ಮುಸ್ಲಿಮರಿಗೆ, ಒಂಟಿ ಹೆಂಗಸರಿಗೆ ಖಾಲಿ ಮನೆ ಒಂದೇ ಗಳಿಗೆಯಲ್ಲಿ "ನಿನ್ನೆಯೇ ಕೊಟ್ಟುಬಿಟ್ಟೆವು" ಆಗುತ್ತದೆ. ಆಯ್ಕೆ ನಾಲ್ಕು ಓಣಿಗೆ ಇಳಿದಾಗ ಅದೇ ಮನೆಗೆ ಹೆಚ್ಚು ಬಾಡಿಗೆ, ಹೆಚ್ಚು ಅಡ್ವಾನ್ಸ್ ಕೊಡಬೇಕಾಗುತ್ತದೆ. ಮನೆ ಕೈಗೆಟುಕುವುದಿಲ್ಲ ಎಂಬುದಕ್ಕೆ ಇದೂ ಕಾರಣ, ಬಾಡಿಗೆಯ ಲೆಕ್ಕದಲ್ಲಿ ಇದನ್ನು ಬಿಟ್ಟು ಮಾತಾಡುವುದು ಸರಿಯಲ್ಲ. ಮನೆ ಕೊಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ: ತಿಂಗಳ ಮೊದಲ ವಾರ ಬಾಡಿಗೆ ಕೊಟ್ಟು ಮನೆ ಚೊಕ್ಕಟ ಇಟ್ಟುಕೊಳ್ಳುವವರು ನಿಮಗೆ ಬೇಕು. ಅದಕ್ಕೂ ಜಾತಿಗೂ ಸಂಬಂಧ ಇಲ್ಲ.

ಕರಾರುಪತ್ರ 11 ತಿಂಗಳಿಗೇ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದನ್ನು ತಪ್ಪಿಸಲು 11. ರಾಜ್ಯದ ಬಾಡಿಗೆ ಕಾಯ್ದೆ 1999ರದ್ದು. ತಿಂಗಳಿಗೆ 3,500 ಮೀರಿದ ಬಾಡಿಗೆಯ ಮನೆಗೆ ಅದು ಎಲ್ಲಿಯೂ ಅನ್ವಯಿಸುವುದಿಲ್ಲ. ಹಾಗಾಗಿ ನಮ್ಮೂರಿನ ಹೆಚ್ಚಿನ ಮನೆಗಳಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರ ಪ್ರಕಾರ ಕರಾರಿನಲ್ಲಿ ಬೇರೆ ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನದ ನೋಟಿಸ್ ಸಾಕು. ಹದಿನೈದು ದಿನದಲ್ಲಿ ಸಾಮಾನು, ಮಕ್ಕಳು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? "ಎರಡು ತಿಂಗಳ ನೋಟಿಸ್, ಇಬ್ಬರಿಗೂ" ಎಂದು ಒಂದೇ ಸಾಲು ಬರೆಸಿ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿದೆ, ಆದರೆ ಅದು ಮಾದರಿ, ರಾಜ್ಯ ಒಪ್ಪಿ ಕಾನೂನು ಮಾಡಿದರೆ ಮಾತ್ರ ನಡೆಯುತ್ತದೆ. ಮಾತಿಗೆ ಆಧಾರವಾಗಿ ತೋರಿಸಬಹುದು, ಹಕ್ಕಿನಂತೆ ಕೇಳಲಾಗುವುದಿಲ್ಲ.

ವರ್ಷದ ಏರಿಕೆಯನ್ನು ಶೇಕಡಾದಲ್ಲಿ ಒಪ್ಪುವ ಮೊದಲು ಮೂರು ವರ್ಷ ಮುಂದೆ ಹೋಗಿ ನೋಡಿ. 8,000 ಬಾಡಿಗೆ ಶೇ 10ರಂತೆ ಏರಿದರೆ ಮೂರು ಏರಿಕೆಯ ನಂತರ 10,648. ಶೇ 5ರಂತೆ 9,261. ವರ್ಷಕ್ಕೆ 500 ಎಂದು ಇಡಿಯಾಗಿ ಮಾತಾಡಿದರೆ 9,500. ಪೇಂಟಿಂಗ್ ಹೆಸರಲ್ಲಿ ಬಿಡುವಾಗ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನೂ ಅಂಕಿಯಲ್ಲಿ ಬರೆಸಿ, "ಪದ್ಧತಿಯಂತೆ" ಎಂಬ ಪದಕ್ಕೆ ಸಹಿ ಹಾಕಬೇಡಿ. ಮಾಲೀಕರು ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಮಯಕ್ಕೆ ಮಾಡಿಸದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು ಆ 1882ರ ಕಾಯ್ದೆಯಲ್ಲೇ ದಾರಿಯಿದೆ. ಆದರೆ ಯಾವ ರಿಪೇರಿ ಯಾರದು ಎಂದು ಕರಾರಿನಲ್ಲಿ ಇದ್ದರೆ ಮಾತ್ರ ಅದು ಕೈಹಿಡಿಯುತ್ತದೆ. ನೋಟಿಸ್ ಎಂದರೆ ವಕೀಲರೇ ಬೇಕಿಲ್ಲ, ದಿನಾಂಕ ಹಾಕಿದ ವಾಟ್ಸ್ಯಾಪ್ ಸಂದೇಶ, ಸೋರುವ ಜಾಗದ ಫೋಟೊ ಇದ್ದರೆ ಮುಂದೆ ಸಾಕ್ಷಿಯಾಗುತ್ತದೆ. ಸಂಬಳದವರಿಗೆ ಇನ್ನೊಂದು ಮಾತು: ಹಳೇ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಪಡೆಯುವವರ ಬಾಡಿಗೆ ವರ್ಷಕ್ಕೆ 1 ಲಕ್ಷ, ಅಂದರೆ ತಿಂಗಳಿಗೆ 8,333, ದಾಟಿದರೆ ಮಾಲೀಕರ ಪ್ಯಾನ್ ಕೊಡಬೇಕು. ಕೊಡುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ಈಗ ಭೋಗ್ಯ. ಜನ ಲೀಸ್ ಅನ್ನುತ್ತಾರೆ. ಐದು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಐದು ಲಕ್ಷ ವಾಪಸ್. ಕೇಳಲು ಬಹಳ ಚೆನ್ನ. ಐದು ಲಕ್ಷಕ್ಕೆ ಬ್ಯಾಂಕಿನಲ್ಲಿ ಶೇ 7 ಬಡ್ಡಿ ಅಂದರೂ ತಿಂಗಳಿಗೆ 2,900 ಚಿಲ್ಲರೆ ಕಳೆದುಕೊಂಡಿರಿ, 8,000 ಬಾಡಿಗೆ ಉಳಿಸಿದಿರಿ. ಹಾಗಾದರೆ ಮಾಲೀಕರು ಯಾಕೆ ಕೊಡುತ್ತಾರೆ? ಅವರ ಲೆಕ್ಕ ಬೇರೆ. ಹೊರಗೆ ನೂರಕ್ಕೆ ಎರಡು ರೂಪಾಯಿಯಂತೆ ಸಾಲ ಮಾಡಿದ್ದರೆ ಐದು ಲಕ್ಷಕ್ಕೆ ತಿಂಗಳಿಗೆ 10,000 ಬಡ್ಡಿ. ಆ ಬಡ್ಡಿ ನಿಲ್ಲಿಸಲು 8,000 ಬಾಡಿಗೆ ಬಿಡುವುದು ಅವರಿಗೆ ಲಾಭ. ಎಲ್ಲರೂ ಹೀಗೆ ಅಲ್ಲ, ಮಗಳ ಮದುವೆಗೋ ಮೇಲೊಂದು ಅಂತಸ್ತು ಎತ್ತಲೋ ತಗೊಳ್ಳುವವರೂ ಇದ್ದಾರೆ. ಆದರೂ ಭೋಗ್ಯದ ಬೋರ್ಡ್ ಕಂಡರೆ ಮನೆಯ ಮೇಲೆ ಸಾಲ ಇರಬಹುದು ಎಂದುಕೊಂಡೇ ಒಳಗೆ ಹೋಗಿ.

ನೋಡಬೇಕಾದ ಕಾಗದ ಮೂರು. ಮೊದಲನೆಯದು ಮೂಲ ಕ್ರಯಪತ್ರ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲಪತ್ರ ಬ್ಯಾಂಕಿನಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಎರಡನೆಯದು ಇ-ಖಾತಾ, ಯಾರ ಹೆಸರಲ್ಲಿದೆ ಎಂಬುದಕ್ಕೆ. ಅಣ್ಣತಮ್ಮಂದಿರ ಜಂಟಿ ಆಸ್ತಿಯಾದರೆ ಎಲ್ಲರ ಸಹಿ ಬೇಕು, ಒಬ್ಬರು ದುಡ್ಡು ತಗೊಂಡು ಇನ್ನೊಬ್ಬರು ಬಾಗಿಲಿಗೆ ಬಂದು ನಿಲ್ಲುವುದು ಹೊಸತೇನಲ್ಲ. ಮೂರನೆಯದು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಕಾವೇರಿ 2.0 ಜಾಲತಾಣದಲ್ಲಿ ಸಿಗುತ್ತದೆ. ಕನಿಷ್ಠ 15 ವರ್ಷದ್ದು ತೆಗೆಸಿ. ವಹಿವಾಟು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಇಸಿ ಖಾಲಿ ಬಂದರೂ ಪೂರ್ತಿ ನಂಬುವಂತಿಲ್ಲ. ಪತ್ರ ಒಪ್ಪಿಸಿ ತೆಗೆದ ಸಾಲ ಕೆಲವೊಮ್ಮೆ ಅದರಲ್ಲಿ ಕಾಣುವುದಿಲ್ಲ, ಅದಕ್ಕೆ ಬ್ಯಾಂಕುಗಳಿಗೆ ಒತ್ತೆಯಿಟ್ಟ ಆಸ್ತಿಗಳ ದಾಖಲೆ ಇರುವ ಸೆರ್ಸಾಯ್ ಜಾಲತಾಣದಲ್ಲೂ ಹುಡುಕಿಸಿ. ಸಾಲ ತೀರದ ಮನೆಯನ್ನು ಬ್ಯಾಂಕು ಸರ್ಫೇಸಿ ಕಾಯ್ದೆಯಡಿ ವಶಕ್ಕೆ ತಗೊಂಡರೆ, ಬ್ಯಾಂಕಿನ ಒಪ್ಪಿಗೆ ಇಲ್ಲದೆ ಆಮೇಲೆ ಬಂದು ಕೂತವರಿಗೆ ರಕ್ಷಣೆ ಬಹಳ ಕಡಿಮೆ. ಐದು ಲಕ್ಷ ಮಾಲೀಕರ ಬಳಿ ಕೇಳಿ ಅಂತ ಬ್ಯಾಂಕಿನವರು ಅನ್ನುತ್ತಾರೆ, ಮಾಲೀಕರ ಬಳಿ ಅದಾಗಲೇ ಇರುವುದಿಲ್ಲ.

ಸ್ವಾಧೀನ ಸಹಿತ ಭೋಗ್ಯಪತ್ರ ನೋಂದಣಿಯಾದರೆ ಮಾತ್ರ ಅದಕ್ಕೆ ಬೆಲೆ. ಮುದ್ರಾಂಕ ಶುಲ್ಕ ಉಳಿಸಲು 11 ತಿಂಗಳ ಬಾಡಿಗೆ ಕರಾರಿನಂತೆ ಬರೆದು ನೋಟರಿ ಮಾಡಿಸುತ್ತಾರೆ. ಉಳಿಸಿದ್ದು ಸಾವಿರಗಳಲ್ಲಿ, ಅಪಾಯ ಲಕ್ಷಗಳಲ್ಲಿ. ದುಡ್ಡು ನಗದಾಗಿ ಕೊಡಲೇಬೇಡಿ. 20,000 ಮತ್ತು ಅದಕ್ಕಿಂತ ಹೆಚ್ಚಿನ ಸಾಲ, ಠೇವಣಿಯನ್ನು ನಗದಾಗಿ ತಗೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನ ಅಡ್ಡಿಯೂ ಇದೆ. ಬ್ಯಾಂಕ್ ಖಾತೆಯಿಂದಲೇ ಆರ್‌ಟಿಜಿಎಸ್ ಮಾಡಿ, ಪಾವತಿಯ ಸಂಖ್ಯೆಯನ್ನು ಕರಾರಿನಲ್ಲೇ ಬರೆಸಿ. ಜೀವಮಾನದ ಉಳಿತಾಯವೆಲ್ಲ ಆ ಐದು ಲಕ್ಷವೇ ಆಗಿದ್ದರೆ ಭೋಗ್ಯಕ್ಕೆ ಹೋಗಬೇಡಿ ಎಂಬುದೇ ನನ್ನ ಮಾತು. ತಿಂಗಳ ಬಾಡಿಗೆ ಭಾರ ಅನಿಸಬಹುದು, ಅದು ಒಂದೇ ಏಟಿಗೆ ಮನೆ ಮುಳುಗಿಸುವುದಿಲ್ಲ.

ಬಾಡಿಗೆ ಕಟ್ಟುವ ಬದಲು ಕಂತು ಕಟ್ಟಬಾರದೇ ಎನ್ನುವವರಿಗೆ ಚಿಕ್ಕ ಲೆಕ್ಕ. 20 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 17,360. ಗಣಿಯ ದುಡ್ಡು ಹರಿದ ಕಾಲದಲ್ಲಿ ಏರಿದ ಜಾಗದ ಬೆಲೆ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೂ ದುಡಿಯುವವರ ಕೈಗೆ ಬರುವಷ್ಟು ಇಳಿಯಲಿಲ್ಲ. ಪಿಎಂ ಆವಾಸ್ ನಗರ 2.0ದಲ್ಲಿ ವರ್ಷಕ್ಕೆ 9 ಲಕ್ಷದೊಳಗೆ ಆದಾಯವಿದ್ದು ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದವರಿಗೆ ಬಡ್ಡಿ ಸಹಾಯಧನ ಇದೆ, ಹೆಚ್ಚೆಂದರೆ 1.80 ಲಕ್ಷ, ಐದು ವರ್ಷದ ಕಂತಿನಲ್ಲಿ. ಮನೆಯ ಬೆಲೆ 35 ಲಕ್ಷ ಮೀರಬಾರದು. ಕಂತು ಬಾಡಿಗೆಯ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಇನ್ನೆರಡು ವರ್ಷ ಬಾಡಿಗೆಯಲ್ಲೇ ಇದ್ದು ಕೈಯಿಂದ ಹಾಕುವ ಮೊತ್ತ ಬೆಳೆಸಿಕೊಳ್ಳುವುದು ಮೇಲು.

ಕೊನೆಗೆ, ಮನೆ ಬಿಡುವ ದಿನ. ಸೇರಿದ ದಿನವೇ ಪ್ರತಿ ಕೋಣೆಯ ವಿಡಿಯೊ ಮಾಡಿ ಮಾಲೀಕರಿಗೆ ಕಳಿಸಿಟ್ಟಿದ್ದರೆ ಒಡೆದ ಸಿಂಕು, ಕಲೆಯಾದ ಗೋಡೆಯ ಮಾತು ಐದು ನಿಮಿಷದಲ್ಲಿ ಮುಗಿಯುತ್ತದೆ. ಬಾಡಿಗೆಯನ್ನು ಫೋನ್‌ಪೇ, ಗೂಗಲ್‌ಪೇಯಲ್ಲಿ ಕಳಿಸುವಾಗ "ಜೂನ್ ಬಾಡಿಗೆ" ಎಂದು ತಿಂಗಳ ಹೆಸರು ಬರೆಯುವ ಅಭ್ಯಾಸವಿದ್ದರೆ ಬಾಕಿಯ ಜಗಳವೂ ಇಲ್ಲ. ಕೊನೆಯ ದಿನ ಮೀಟರ್ ರೀಡಿಂಗಿನ ಫೋಟೊ ತೆಗೆಯಿರಿ, ಸಂಪು ಎಷ್ಟು ತುಂಬಿದೆ ತೋರಿಸಿ. ಸೇವಾಸಿಂಧುವಿನಲ್ಲಿ ಹಳೇ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿ. ಅದನ್ನು ಬಿಡಿಸದೆ ಹೊಸ ಮನೆಯಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕಿದರೆ ಹಿಡಿಯುವುದಿಲ್ಲ, ಅಷ್ಟು ತಿಂಗಳ ಬಿಲ್ ಕೈಯಿಂದ ಹೋಗುತ್ತದೆ. ಹೊಸದಾಗಿ ಬರುವವರಿಗೂ ಅದೇ ತೊಂದರೆ. ಕೊನೆಯ ಎರಡು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎಂದು ನೋಟಿಸ್ ಕೊಡುವ ದಿನವೇ ಕೇಳಿ, ಉಳಿದದ್ದು ಚಿಕ್ಕ ಮೊತ್ತವಾದರೆ ಮಾಲೀಕರಿಗೂ ಹೊಂದಿಸುವುದು ಸುಲಭ. "ಹೊಸಬರು ಬಂದ ಮೇಲೆ ಕೊಡ್ತೀನಿ" ಎಂದರೆ ಒಂದು ಕೀಲಿ ನಿಮ್ಮ ಬಳಿಯೇ ಇರಲಿ, ಬಾಕಿ ಎಷ್ಟು, ಯಾವ ದಿನಾಂಕಕ್ಕೆ ಎಂದು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಲಾರಿಗೆ ಸಾಮಾನು ಏರಿಸುವುದು ಅದಾದ ಮೇಲೆ.